ನಾಲ್ಕು ಟ್ಯೂಬು, ಒಂದು ಟ್ಯಾಬು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಪೇಟೆಯಲ್ಲಿ ಸಿಕ್ಕವರ ಮಾತಿನಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ವೇಷ ಬದಲಿಸಿ ಬರುತ್ತಿದೆ. ಕುಮಟೆಯ ತಾಯಿಯೊಬ್ಬರು ಕೇಳಿದ್ದು ಹೀಗೆ: "ಮಗಳು ಟ್ಯಾಬಿನಲ್ಲಿ ಚೆಂದ ಚಿತ್ರ ಮಾಡ್ತಾಳೆ. ಈಗ ಆಯಿಲ್ ಪೇಂಟಿಂಗ್ ಕಲೀಬೇಕಂತೆ. ಮುಂದೆ ಹೋದವಳು ಹಿಂದೆ ಬಂದ ಹಾಗಾಗ್ಲಿಲ್ವಾ ಅಕ್ಕೋರೆ?" ಯಕ್ಷಗಾನದ ಪೋಸ್ಟರ್, ಮದುವೆ ಕಾಗದ ಮಾಡಿಕೊಡುವ ಭಟ್ಕಳದ ಹುಡುಗನದು ಇನ್ನೊಂದು ವರಸೆ: "ಎಣ್ಣೆಬಣ್ಣದ ಹಾಗೇ ಕಾಣೋ ಬ್ರಷ್ ಆ್ಯಪಿನೊಳಗೇ ಇದೆ. ಅಂಥದ್ರಲ್ಲಿ ನಿಜವಾದ ಎಣ್ಣೆ ಯಾಕೆ?" ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು ನಾನು. ಈಗ ಮಾವಿನಕುರ್ವೆಯ ಮನೆಯಲ್ಲಿ ಕೂತು ಪುಸ್ತಕಗಳ ಮುಖಪುಟ ಮಾಡುವುದು ಟ್ಯಾಬಿನಲ್ಲೇ. ಎರಡೂ ಕಡೆ ಕಾಲಿಟ್ಟವಳಾದ್ದರಿಂದ ಉತ್ತರ ಹೇಳುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಯಿರಿ. ಆದರೆ ಬಹಳ ಜನ ಅಂದುಕೊಂಡ ಕಾರಣಕ್ಕಲ್ಲ. ಎಣ್ಣೆಬಣ್ಣದ ಮೆರುಗು, ಬ್ರಷ್ಷಿನ ಗೀರು, ಕ್ಯಾನ್ವಾಸಿನ ನೇಯ್ಗೆ ಬೇಕೆಂದಾದರೆ ಹುಡುಗ ಹೇಳಿದ್ದು ಸರಿ, ಅವೆಲ್ಲ ಆ್ಯಪಿನಲ್ಲೇ ಸಿಗುತ್ತವೆ. ಆ್ಯಪಿನಲ್ಲಿ ಸಿಗದಿರುವುದು ಒಂದೇ: ಬಣ್ಣ ಹಚ್ಚುವ ಮೊದಲು ತೀರ್ಮಾನ ಮಾಡಬೇಕಾದ ಒತ್ತಾಯ. ಎಣ್ಣೆಬಣ್ಣ ಪ್ರತಿ ಹೆಜ್ಜೆಗೂ ನಿಮ್ಮಿಂದ ಒಂದು ತೀರ್ಮಾನ ಕೇಳುತ್ತದೆ. ಟ್ಯಾಬು ಕೇಳುವುದಿಲ್ಲ, "ಆಮೇಲೆ ನೋಡಿದರಾಯ್ತು" ಎನ್ನುತ್ತದೆ.

ಟ್ಯಾಬನ್ನು ಹಳಿಯಲು ನಾನು ಕೂತಿಲ್ಲ. ಫೋಟೋಶಾಪ್ 1990ರಲ್ಲಿ ಬಂತು, 1994ರಲ್ಲಿ ಅದಕ್ಕೆ ಲೇಯರುಗಳು ಸೇರಿದವು. ಹಿನ್ನೆಲೆ ಒಂದು ಹಾಳೆ, ಮನುಷ್ಯ ಒಂದು ಹಾಳೆ, ನೆರಳು ಇನ್ನೊಂದು ಹಾಳೆ ಎಂದು ಬೇರೆ ಬೇರೆಯಾಗಿ ಬರೆದು, ಬೇಡದ್ದನ್ನು ಮರೆಮಾಡುವ ಈ ಸೌಲಭ್ಯ ಚಿತ್ರಕಾರರ ಬದುಕನ್ನೇ ಬದಲಿಸಿತು. ಕ್ರೀಟಾದಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಬಣ್ಣ ಮುಗಿಯುವುದಿಲ್ಲ, ಬ್ರಷ್ ತೊಳೆಯಬೇಕಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯವಿಲ್ಲ. ಹೊನ್ನಾವರದಲ್ಲಿ ಕೂತ ಮಗು ಬೆಂಗಳೂರಿನ ಪ್ರಕಾಶಕರಿಗೆ ರಾತ್ರಿಯೇ ಚಿತ್ರ ಕಳಿಸಬಹುದು. ನಮ್ಮ ಕಾಲದಲ್ಲಿ ಇದು ಕನಸು. ತೊಂದರೆ ಇಷ್ಟೇ. ಸೌಲಭ್ಯಗಳು ಕೆಲಸ ಗೊತ್ತಿದ್ದವರ ವೇಗವನ್ನು ಹೆಚ್ಚಿಸುತ್ತವೆ, ಗೊತ್ತಿಲ್ಲದವರ ಗೊಂದಲವನ್ನೂ ಅಷ್ಟೇ ಹೆಚ್ಚಿಸುತ್ತವೆ. ಮಕ್ಕಳು ತೋರಿಸುವ ಫೈಲುಗಳಲ್ಲಿ ಮೂವತ್ತು ನಲವತ್ತು ಲೇಯರುಗಳಿರುತ್ತವೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ಬಣ್ಣದಿಂದಲೇ ಶುರುಮಾಡೋಣ. ಟ್ಯಾಬಿನಲ್ಲಿ ಬಣ್ಣವೆಂದರೆ ಒಂದು ಚಕ್ರ. ಬೆರಳಿಟ್ಟಲ್ಲಿ ಬಣ್ಣ ಸಿದ್ಧ. ಇನ್ನೂ ಸೋಮಾರಿತನ ಮಾಡಬೇಕೆಂದರೆ ಫೋಟೋ ತಂದಿಟ್ಟುಕೊಂಡು ಅದರಿಂದಲೇ ಬಣ್ಣ ಹೀರಿಕೊಳ್ಳಬಹುದು. ಇಲ್ಲಿ ಆಯ್ಕೆ ಉಂಟು, ಬೆರೆಸುವಿಕೆ ಇಲ್ಲ. ಬೆರೆಸಲು ಹೊರಟರೂ ಯಂತ್ರ ಬೇರೆಯೇ ಲೆಕ್ಕ ಹಾಕುತ್ತದೆ. ಪರದೆಯ ಅಚ್ಚ ನೀಲಿ, ಅಚ್ಚ ಹಳದಿಗಳನ್ನು ಸಮಸಮ ಸೇರಿಸಿದರೆ ಸಾಮಾನ್ಯ ತಂತ್ರಾಂಶ ಕೊಡುವುದು ಬೂದಿ. ಅದು ಎರಡರ ಅಂಕಿಗಳ ಸರಾಸರಿ ತೆಗೆಯುತ್ತದೆ, ಅಷ್ಟೆ. ನಿಜವಾದ ಬಣ್ಣದ ಪುಡಿ ಹಾಗಲ್ಲ. ಪ್ರತಿ ಕಣವೂ ಬೆಳಕಿನ ಒಂದಿಷ್ಟು ಭಾಗವನ್ನು ನುಂಗಿ ಉಳಿದದ್ದನ್ನು ಹಿಂದಕ್ಕೆ ಕೊಡುತ್ತದೆ. ನೀಲಿ ಹಳದಿಗಳು ಕೂಡಿದಾಗ ಎರಡೂ ನುಂಗದೆ ಬಿಟ್ಟದ್ದು ಹಸಿರು. ಈ ನುಂಗುವ, ಚೆದುರಿಸುವ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ ಎಂಬ ಇಬ್ಬರು 1931ರಲ್ಲೇ ಸೂತ್ರವಾಗಿಸಿದ್ದರು. ಅದನ್ನು ಚಿತ್ರಕಲೆಯ ತಂತ್ರಾಂಶದಲ್ಲಿ ಸಲೀಸಾಗಿ ಬಳಸುವಂತೆ ಮಾಡಿದ ಮಿಕ್ಸ್‌ಬಾಕ್ಸ್ ಎಂಬ ವಿಧಾನ ಬೆಳಕಿಗೆ ಬಂದದ್ದು 2021ರಲ್ಲಿ. ಈಗ ರೆಬೆಲ್‌ನಂಥ ಆ್ಯಪುಗಳಲ್ಲಿ ನೀಲಿಗೆ ಹಳದಿ ಸೇರಿಸಿದರೆ ಹಸಿರೇ ಬರುತ್ತದೆ. ತೊಂಬತ್ತು ವರ್ಷ ಕಳೆದ ಮೇಲೆ ಯಂತ್ರ ಎಣ್ಣೆಬಣ್ಣದ ಪಾಠ ಕಲಿಯಲು ಬಂತು ಎಂದಾಯ್ತು. ಹಾಗಿರುವಾಗ ನಾವು ಕಲಿಯಲು ಹೋದರೆ ಹಿಂದೆ ಹೋದಂತೆ ಹೇಗಾಗುತ್ತದೆ?

ಎಣ್ಣೆಬಣ್ಣ ಅಂದ ತಕ್ಷಣ ನಲವತ್ತು ಟ್ಯೂಬಿನ ಪೆಟ್ಟಿಗೆ ಕೊಳ್ಳಲು ಓಡಬೇಡಿ. ನಾಲ್ಕು ಸಾಕು: ಬಿಳಿ, ಹಳದಿ ಮಣ್ಣಿನ ಬಣ್ಣವಾದ ಯೆಲ್ಲೋ ಓಕರ್, ಒಂದು ಕೆಂಪು, ಐವರಿ ಬ್ಲ್ಯಾಕ್. ಸ್ವೀಡನ್ನಿನ ಚಿತ್ರಕಾರ ಆ್ಯಂಡರ್ಸ್ ಝೋರ್ನ್ (1860–1920) ಹೆಸರಿನಲ್ಲಿ ಈ ನಾಲ್ಕರ ಕೂಟ ಪ್ರಸಿದ್ಧವಾಗಿದೆ. ನಮ್ಮ ಕಡೆಯವರಿಗೆ ಅದನ್ನು ಸ್ವೀಡನ್ನಿನಿಂದ ತರಿಸಬೇಕಾದ ಅಗತ್ಯವಿಲ್ಲ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಕಾಲದ ಚೌಕಿಯನ್ನು, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯನ್ನು ನೆನೆಯಿರಿ. ಆ ಕಾಲದ ವೇಷಧಾರಿಗಳ ಮುಂದಿದ್ದದ್ದು ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಮೊದಲ ಮೂರನ್ನು ತೆಂಗಿನೆಣ್ಣೆಯಲ್ಲಿ ಅಂಗೈಯ ಮೇಲೆ ಕಲಸಿ, ರಾಜನಿಗೊಂದು ಮೈಬಣ್ಣ, ಸ್ತ್ರೀವೇಷಕ್ಕೊಂದು ಮೈಬಣ್ಣ ಎಂದು ಹದ ಮಾಡಿಕೊಳ್ಳುತ್ತಿದ್ದರು. ಸಫೇತ ಎಂದರೆ ಸತುವಿನ ಭಸ್ಮ, ಚಿತ್ರಕಾರರ ಝಿಂಕ್ ವೈಟ್ ಕೂಡ ಅದೇ. ಇಂಗಳೀಕವೇ ಯುರೋಪಿನವರ ವರ್ಮಿಲಿಯನ್. ಅರದಾಳವನ್ನೂ ಅವರು ಚಿತ್ರಗಳಲ್ಲಿ ಬಳಸುತ್ತಿದ್ದರು. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಪಾಷಾಣ ಇರುವುದರಿಂದ ಇವೆರಡನ್ನು ಈಗ ಯಾರೂ ಮುಟ್ಟುವುದು ಬೇಡ.

ಪುಡಿ ಒಂದೇ ಆದರೂ ಎಣ್ಣೆ ಬೇರೆ. ಗುಟ್ಟು ಅಲ್ಲಿದೆ. ತೆಂಗಿನೆಣ್ಣೆ ಎಷ್ಟು ದಿನ ಇಟ್ಟರೂ ಒಣಗಿ ಗಟ್ಟಿ ಪದರವಾಗುವುದಿಲ್ಲ. ಅದರ ಕೊಬ್ಬಿನಲ್ಲಿ ಹತ್ತಿರಹತ್ತಿರ ಶೇಕಡಾ 90 ಭಾಗ ಗಾಳಿಯ ಆಮ್ಲಜನಕದೊಂದಿಗೆ ಸುಲಭವಾಗಿ ಸೇರದ ಜಾತಿಯದು. ಆದ್ದರಿಂದಲೇ ಬೆಳಗಿನ ಜಾವ ಆಟ ಮುಗಿದ ಮೇಲೂ ಬಣ್ಣ ಒರೆಸಿದರೆ ಹೋಗುತ್ತಿತ್ತು. ಚಿತ್ರಕಾರರ ಅಗಸೆ ಎಣ್ಣೆ ಇದಕ್ಕೆ ವಿರುದ್ಧ. ಅದು ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಂಡು ಎಳೆಗೆ ಎಳೆ ಬೆಸೆದು ಗಟ್ಟಿ ಪೊರೆಯಾಗುತ್ತದೆ. ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಲ್ಲ, ಒಣಗುತ್ತ ಅದರ ತೂಕ ಹೆಚ್ಚುತ್ತದೆ. ಈ ಕೆಲಸ ನಿಧಾನ. ಮುಟ್ಟಿದರೆ ಅಂಟದಷ್ಟಾಗಲು ಕೆಲವು ದಿನ, ವಾರ್ನಿಶ್ ಹಚ್ಚುವಷ್ಟು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ. ಈ ನಿಧಾನವೇ ಕಲಿಯುವವರಿಗೆ ಸಿಗುವ ಲಾಭ. ಬಣ್ಣ ಹಸಿಯಾಗಿರುವ ತನಕ ಬೆರೆಸಬಹುದು, ಸರಿಸಬಹುದು, ಕೆರೆದು ತೆಗೆಯಬಹುದು.

ಈ ನಾಲ್ಕು ಬಣ್ಣ ಹಿಡಿದು ಮಿರ್ಜಾನ ಕೋಟೆಗೆ ಒಮ್ಮೆ ಹೋಗಿ ಕೂರಿ. ಮಳೆ ನಿಂತ ಹೊಸತರಲ್ಲಿ ಹೋಗಬೇಕು. ಚಿರೇಕಲ್ಲಿನ ಗೋಡೆ ನೆನೆದು ಕೆಂಪಗಿರುತ್ತದೆ, ಅದರ ಮೇಲೆ ಪಾಚಿ. ಡಬ್ಬಿಯಲ್ಲಿ ಹಸಿರಿಲ್ಲ. ಓಕರಿಗೆ ಕಪ್ಪು ಬೆರೆಸಿ ನೋಡಿ, ಪಾಚಿಯ ಹಸಿರು ಬರುತ್ತದೆ. ನೀಲಿಯೂ ಇಲ್ಲ. ಕಪ್ಪಿಗೆ ಬಿಳಿ ಸೇರಿಸಿ ಕಿತ್ತಳೆ ಕೆಂಪಿನ ಪಕ್ಕ ಇಟ್ಟರೆ ಆ ಬೂದಿ ನೀಲಿಯ ಹಾಗೆ ಕಾಣುತ್ತದೆ, ಮೋಡದ ಆಕಾಶಕ್ಕೆ ಅಷ್ಟು ಸಾಕು. ಒಂದು ಬಣ್ಣ ಪಕ್ಕದ ಬಣ್ಣದಿಂದ ಹೇಗೆ ಬದಲಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದವರು ಬೇಕಾದಷ್ಟು ಮಂದಿ. ನಾಲ್ಕೇ ಟ್ಯೂಬಿನಿಂದ ಒಂದು ಗೋಡೆ ತೆಗೆದವರು ಅದನ್ನು ಮರೆಯುವುದಿಲ್ಲ. ಆಮೇಲೆ ಟ್ಯಾಬಿನ ಮುಂದೆ ಕೂತಾಗ ಬಣ್ಣದ ಚಕ್ರದ ಅಂಚಿನ ಕಣ್ಣು ಕುಕ್ಕುವ ಬಣ್ಣಗಳ ಕಡೆ ಕೈ ತಾನಾಗಿ ಹೋಗುವುದಿಲ್ಲ, ನಡುವಿನ ಮಂದ ಬಣ್ಣಗಳ ಬೆಲೆ ಗೊತ್ತಾಗಿರುತ್ತದೆ. ಈಗಿನ ಹುಡುಗರ ಪೋಸ್ಟರುಗಳ ದೊಡ್ಡ ದೋಷವೆಂದರೆ ಎಲ್ಲ ಬಣ್ಣಗಳೂ ಒಟ್ಟಿಗೆ ಕೂಗುವುದು.

ಬಣ್ಣಕ್ಕಿಂತ ಮುಖ್ಯವಾದದ್ದು ಬೆಳಕು ಕತ್ತಲೆಯ ಹಂಚಿಕೆ. ಇದಕ್ಕೂ ನಮ್ಮ ಕರಾವಳಿಯಲ್ಲೇ ಹಳೆಯ ಶಾಲೆಯೊಂದಿದೆ. ಗೋಕರ್ಣ, ಕುಮಟಾ, ಅಂಕೋಲೆ ಕಡೆಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇತ್ತು, ಕೆಲವು ಕಡೆ ಇನ್ನೂ ಉಳಿದಿದೆ. ಚಿಪ್ಪು ಸುಟ್ಟ ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕಾವಿಯ ತೆಳು ಪದರ. ಅದು ಹಸಿಯಿರುವಾಗಲೇ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುವುದು. ಒಟ್ಟು ಎರಡೇ ಬಣ್ಣ. ಎರಡರಲ್ಲೇ ಗಣಪತಿ, ಬಳ್ಳಿ, ಆನೆ, ರಥ ಎಲ್ಲ. ಅಳಿಸಿ ತಿದ್ದುವ ಮಾತೇ ಇಲ್ಲ, ಗಾರೆ ಒಣಗುವ ಮುಂಚೆ ಕೆಲಸ ಮುಗಿಯಬೇಕು. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು (1934–2002) ಊರೂರು ಸುತ್ತಿ ಇದನ್ನು ದಾಖಲಿಸದಿದ್ದರೆ ನಮ್ಮಲ್ಲಿ ಅನೇಕರಿಗೆ ಅದರ ಹೆಸರೂ ಗೊತ್ತಿರುತ್ತಿರಲಿಲ್ಲ. ಎರಡು ಬಣ್ಣದ ಈ ಬಲ ಟ್ಯಾಬಿನಲ್ಲೂ ನಡೆಯುತ್ತದೆ. ಕಾಸರಗೋಡು ಮೂಲದ ಕರಣ್ ಆಚಾರ್ಯ 2015ರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಹನುಮಂತನ ಮುಖ ದೇಶದ ವಾಹನಗಳ ಗಾಜಿನ ಮೇಲೆಲ್ಲ ಕೂತಿತು. ಅದರ ರಾಜಕೀಯದ ಚರ್ಚೆ ಬೇರೆಯವರಿಗಿರಲಿ, ಚಿತ್ರಕಲೆಯ ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೆ. ಅದರಲ್ಲಿರುವುದು ಕೇಸರಿ ಮತ್ತು ಕಪ್ಪು, ಅಷ್ಟೇ. ಯಾವ ಭಾಗ ಕತ್ತಲೆ, ಯಾವ ಭಾಗ ಬೆಳಕು ಎಂದು ತೀರ್ಮಾನವಾದ ಮೇಲೆ ಹೆಚ್ಚು ಬಣ್ಣದ ಅಗತ್ಯ ಬೀಳಲಿಲ್ಲ.

ಎಣ್ಣೆಬಣ್ಣದಲ್ಲಿ ಇದರ ಅಭ್ಯಾಸ ಹೇಗೆಂದರೆ, ಮೊದಲ ಪದರವನ್ನು ಬರಿಯ ಕಂದಿನಲ್ಲಿ ಮಾಡುವುದು. ಬರ್ಂಟ್ ಅಂಬರ್ ಎಂಬ ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಅದಕ್ಕೇ ಹಳಬರು ಕೆಳಪದರಕ್ಕೆ ಅದನ್ನು ಇಟ್ಟುಕೊಂಡರು. ಅದನ್ನು ತೆಳುವಾಗಿ ಬಳಿದು, ಬೆಳಕಿನ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆದರೆ ಚಿತ್ರದ ಎಲುಬು ಸಿಕ್ಕಿತು. ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಪರದೆ ತಾನೇ ಬೆಳಕು ಸೂಸುತ್ತದೆ, ಕ್ಯಾನ್ವಾಸ್ ಬಿದ್ದ ಬೆಳಕನ್ನು ಹಿಂತಿರುಗಿಸುತ್ತದೆ. ಹಾಗಾಗಿ ಕ್ಯಾನ್ವಾಸಿನಲ್ಲಿ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ ಪರದೆಗಿಂತ ಬಹಳ ಕಡಿಮೆ. ಕೈಯಲ್ಲಿರುವ ಸ್ವಲ್ಪ ಅಂತರದಲ್ಲಿ ಮಧ್ಯಾಹ್ನದ ಸಮುದ್ರವನ್ನೂ ತೋರಿಸಬೇಕು, ದೋಣಿಯ ಕೆಳಗಿನ ನೆರಳನ್ನೂ ತೋರಿಸಬೇಕು. ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕೆಂಬ ಲೆಕ್ಕ ಆಗ ಬರುತ್ತದೆ. ಆ ಲೆಕ್ಕ ಬಂದವರ ಡಿಜಿಟಲ್ ಚಿತ್ರ ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಣವಾದ ಮೇಲೂ ಕಂದುವುದಿಲ್ಲ. ಪರದೆಯ ಹೊಳಪನ್ನು ನೆಚ್ಚಿದವರದು ಮುದ್ರಣವಾದಾಗ ಸಪ್ಪೆಯಾಗುತ್ತದೆ.

ಮೂರನೆಯದು ಅಂಚು. ಮಕ್ಕಳ ಡಿಜಿಟಲ್ ಚಿತ್ರಗಳನ್ನು ನೋಡಿದ ತಕ್ಷಣ ಗೊತ್ತಾಗುವ ಲಕ್ಷಣವಿದು. ಒಂದೋ ಎಲ್ಲ ಅಂಚುಗಳೂ ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು, ಇಲ್ಲವೋ ಎಲ್ಲವೂ ಏರ್‌ಬ್ರಷ್ಷಿನ ಹೊಗೆ. ಕಣ್ಣು ಹಾಗೆ ನೋಡುವುದಿಲ್ಲ. ಕಿಟಕಿಯ ಬಳಿ ಉಪ್ಪಿನಕಾಯಿ ಭರಣಿಯೊಂದನ್ನು ಇಟ್ಟು ನೋಡಿ. ಬೆಳಕಿನ ಕಡೆಯ ಅಂಚು ಸ್ಪಷ್ಟ, ಹೊಟ್ಟೆ ತಿರುಗುವಲ್ಲಿ ಮೆತ್ತಗೆ, ನೆರಳಿನ ಕಡೆಯಲ್ಲಿ ಹಿಂದಿನ ಗೋಡೆಯ ಕತ್ತಲೆಯೊಂದಿಗೆ ಸೇರಿ ಅಂಚೇ ಇಲ್ಲ. ಹಸಿ ಎಣ್ಣೆಬಣ್ಣದಲ್ಲಿ ಎರಡು ಬಣ್ಣಗಳು ಸೇರುವಲ್ಲಿ ಒಣ ಬ್ರಷ್ಷನ್ನು ಒಮ್ಮೆ ಹಗುರವಾಗಿ ಎಳೆದರೆ ಅಂಚು ಕರಗುತ್ತದೆ. ಎಲ್ಲಿ ಎಳೆಯಬೇಕು, ಎಲ್ಲಿ ಮುಟ್ಟಬಾರದು ಎಂಬುದು ಒಂದು ತೀರ್ಮಾನ. ಇದೇ ಪಾಠವನ್ನು ದೊಡ್ಡದಾಗಿ ನೋಡಬೇಕೆಂದರೆ ಚಳಿಗಾಲದ ಬೆಳಿಗ್ಗೆ ಶರಾವತಿಯ ದಂಡೆಗೆ ಹೋಗಿ. ಅಲ್ಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಹತ್ತಿರದ ಕಂಬಗಳು ಖಚಿತ, ಮುಂದಿನವು ತೆಳು, ಆಚೆ ದಡದವು ಇಬ್ಬನಿಯ ಬಣ್ಣವೇ ಆಗಿಬಿಟ್ಟಿರುತ್ತವೆ. ಎಲ್ಲ ಕಂಬವನ್ನೂ ಒಂದೇ ಚೂಪಿನಲ್ಲಿ ಬರೆದರೆ ಎರಡು ಕಿಲೋಮೀಟರಿನ ಸೇತುವೆ ಬೇಲಿಯಾಗುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಎಣ್ಣೆಬಣ್ಣದಲ್ಲಿ ಅಂಡೂ (ಮಾಡಿದ್ದನ್ನು ಹಿಂತೆಗೆಯುವ ಸೌಲಭ್ಯ) ಇಲ್ಲ, ಅದಕ್ಕೇ ಅದು ಶಿಸ್ತು ಕಲಿಸುತ್ತದೆ ಎಂದು ಹಲವರು ಹೇಳುತ್ತಾರೆ. ಇದು ಪೂರ್ತಿ ಸರಿಯಲ್ಲ. ಅಂಡೂ ಇಲ್ಲದ್ದು ಜಲವರ್ಣದಲ್ಲಿ, ಕಾವಿ ಕಲೆಯಲ್ಲಿ. ಎಣ್ಣೆಬಣ್ಣದಷ್ಟು ಉದಾರ ಮಾಧ್ಯಮ ಇನ್ನೊಂದಿಲ್ಲ. ಬೇಡದ್ದನ್ನು ಪ್ಯಾಲೆಟ್ ನೈಫಿನಿಂದ ಕೆರೆದರೆ ಮುಗಿಯಿತು. ಆದರೆ ಕೆರೆಯಲು ಶ್ರಮ ಬೇಕು, ಕೆರೆದ ಬಣ್ಣ ದುಡ್ಡು ಕೊಟ್ಟು ತಂದದ್ದು, ಮತ್ತೆ ಬೆರೆಸಬೇಕು. ತಿದ್ದುಪಡಿಗೆ ಬೆಲೆಯಿದೆ. ಬೆಲೆಯಿದ್ದಲ್ಲಿ ಮನುಷ್ಯ ಯೋಚಿಸಿ ಕೈ ಹಾಕುತ್ತಾನೆ. ಟ್ಯಾಬಿನಲ್ಲಿ ಎರಡು ಬೆರಳಿಂದ ತಟ್ಟಿದರೆ ತಪ್ಪು ಮಾಯ, ಯಾಕೆ ತಪ್ಪಾಯಿತೆಂದು ನೋಡುವ ಅಗತ್ಯವೂ ಅದರೊಂದಿಗೇ ಮಾಯ. ಇನ್ನೊಂದು ಸೂಕ್ಷ್ಮವೂ ಇದೆ. ನಿಜವಾದ ಬ್ರಷ್ಷಿನಲ್ಲಿ ಬಣ್ಣ ನಾಲ್ಕೈದು ಎಳೆತಕ್ಕೆ ಮುಗಿಯುತ್ತದೆ. ಮತ್ತೆ ಪ್ಯಾಲೆಟ್ಟಿಗೆ ಹೋಗಬೇಕು, ಹೋಗುವಾಗ ಕಣ್ಣು ಒಮ್ಮೆ ವಸ್ತುವನ್ನೂ ಒಮ್ಮೆ ಚಿತ್ರವನ್ನೂ ನೋಡುತ್ತದೆ. ಸ್ಟೈಲಸ್ಸಿನ ಬಣ್ಣ ಮುಗಿಯುವುದೇ ಇಲ್ಲ, ಕೈ ನಿಲ್ಲದೆ ಓಡುತ್ತದೆ. ಹಾಗೆಯೇ ಈಸಲ್ ಮುಂದೆ ನಿಂತವರು ಸಂದೇಹ ಬಂದಾಗ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಾರೆ, ಟ್ಯಾಬ್ ಹಿಡಿದವರು ಝೂಮ್ ಮಾಡಿ ಒಳಗೆ ಹೋಗುತ್ತಾರೆ. ಕಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಬರೆದಿರುತ್ತಾರೆ, ದೂರದಿಂದ ನೋಡಿದರೆ ತಲೆಯೇ ಕುತ್ತಿಗೆಯ ಮೇಲೆ ಕೂತಿರುವುದಿಲ್ಲ.

ಹಾಗಾದರೆ ಎಣ್ಣೆಬಣ್ಣ ಕಲಿಯದವರಿಗೆ ಗತಿಯಿಲ್ಲವೇ? ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಬಹಳ ಮಂದಿ ಅದನ್ನು ರವಿವರ್ಮನ ಎಣ್ಣೆಬಣ್ಣದ ಚಿತ್ರವೆಂದೇ ನಂಬಿದ್ದಾರೆ. ಅದು ಸಾವಂತವಾಡಿ ಮೂಲದ ಎಸ್. ಎಲ್. ಹಳದಣಕರ್ 1940ರ ದಶಕದಲ್ಲಿ ಮಾಡಿದ್ದು, ಮತ್ತು ಅದು ಜಲವರ್ಣ. ಅಂಗೈ ಮರೆಯ ಜ್ವಾಲೆ, ಬೆರಳ ಸಂದಿಯಲ್ಲಿ ಕೆಂಪಾಗಿ ಹಾಯುವ ಬೆಳಕು, ಕತ್ತಲೆಯಲ್ಲಿ ಕರಗಿದ ಸೀರೆಯ ಅಂಚು, ಇಷ್ಟು ಹೊತ್ತು ಹೇಳಿದ್ದೆಲ್ಲ ಅದರಲ್ಲಿದೆ, ಒಂದು ಹನಿ ಅಗಸೆ ಎಣ್ಣೆಯೂ ಇಲ್ಲ. ಬೆಳಕನ್ನು ಓದಲು ಕಲಿತವರಿಗೆ ಯಾವ ಮಾಧ್ಯಮವೂ ನಡೆಯುತ್ತದೆ. ಎಣ್ಣೆಬಣ್ಣವನ್ನು ನಾನು ಶಿಫಾರಸು ಮಾಡುವುದು ಅದು ಕಲಿಯುವವರಿಗೆ ಕಾಲಾವಕಾಶ ಕೊಡುತ್ತದೆ ಎಂಬ ಕಾರಣಕ್ಕೆ ಮಾತ್ರ. ಎಣ್ಣೆಯ ವಾಸನೆಯೇ ಆಗದವರು ಪೋಸ್ಟರ್ ಬಣ್ಣದಲ್ಲಿ ಇದೇ ಅಭ್ಯಾಸ ಮಾಡಿ, ಅರ್ಧಕ್ಕಿಂತ ಹೆಚ್ಚು ದಕ್ಕುತ್ತದೆ.

ಎಣ್ಣೆಬಣ್ಣ ಕಲಿಸದೆ ಇರುವುದೂ ಇದೆ. ಅದು ರೇಖೆ ಕಲಿಸುವುದಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಪಳಗಿ ಎಣ್ಣೆಬಣ್ಣದಲ್ಲಿ ದೊಡ್ಡ ಹೆಸರು ಮಾಡಿದರು. ಆದರೆ ಕುಣಿಯುವವರ, ದುಡಿಯುವವರ ಮೈ ತಿರುವನ್ನು ನಾಲ್ಕೇ ಗೆರೆಯಲ್ಲಿ ಹಿಡಿಯುತ್ತಿದ್ದ ಅವರ ರೇಖಾಚಿತ್ರಗಳನ್ನು ನೋಡಿದರೆ ಬಣ್ಣಕ್ಕೆ ಮೊದಲು ಏನು ಬೇಕು ಎಂಬುದು ತಿಳಿಯುತ್ತದೆ. ಕೈಗೆ ಪೆನ್ಸಿಲು ಒಗ್ಗದವರು ನೇರ ಎಣ್ಣೆಬಣ್ಣಕ್ಕೆ ಬಂದರೆ ಸೊಟ್ಟ ಮೂಗಿಗೆ ಒಳ್ಳೆಯ ಬಣ್ಣ ಹಚ್ಚುತ್ತಾರೆ. ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ವಸ್ತುಚಿತ್ರದ ಮಟ್ಟ ಮುಟ್ಟಿದ ಮೇಲೆ ಬಣ್ಣಕ್ಕೆ ಬಂದರೆ ಒಳ್ಳೆಯದು.

ಕಲಿಸುವವರು ಹತ್ತಿರ ಯಾರಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ಉತ್ತರ ಕನ್ನಡ 1956ರವರೆಗೆ ಮುಂಬೈ ಪ್ರಾಂತದಲ್ಲಿತ್ತು. ಚಿತ್ರಕಲೆ ಎಂದರೆ ಮುಂಬೈ, ಇಲ್ಲವಾದರೆ ಧಾರವಾಡ ಎಂದು ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದರು. ಈಗ ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎಲ್ಲ ಇವೆ, ಯಾವುದೂ ಸಂಜೆ ಹೋಗಿ ಬರುವ ದೂರದಲ್ಲಿಲ್ಲ. ಅದಕ್ಕೆ ಕೈಚೆಲ್ಲಬೇಕಾಗಿಲ್ಲ. ರವಿವರ್ಮನಿಗೂ ಎಣ್ಣೆಬಣ್ಣವನ್ನು ಕೂರಿಸಿಕೊಂಡು ಕಲಿಸಿದ ಗುರು ಇರಲಿಲ್ಲ. ತಿರುವಾಂಕೂರಿನ ಅರಮನೆಗೆ ಬಂದ ಥಿಯೋಡೋರ್ ಜೆನ್ಸನ್ ಎಂಬ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿ ಕಲಿತದ್ದು ಹೆಚ್ಚು. ಅದೇ ರವಿವರ್ಮ 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದು, ಹಿಂದಿರುಗುವ ದಾರಿಯಲ್ಲಿ ಕೋಳಿಕ್ಕೋಡಿನಲ್ಲಿ ಸಂಭಾವನೆಯ ಮೊದಲ ಚಿತ್ರ ಮಾಡಿದ. ನೋಡುವ ಅವಕಾಶ ಆಗ ಅರಮನೆಯಲ್ಲಿದ್ದವರಿಗೆ ಮಾತ್ರ ಸಿಗುತ್ತಿತ್ತು. ಈಗ ಒಳ್ಳೆಯ ಚಿತ್ರಕಾರರು ಕೆಲಸ ಮಾಡುವ ವಿಡಿಯೋಗಳು ಫೋನಿನಲ್ಲೇ ಇವೆ. ನೋಡಿದ ದಿನವೇ ಬ್ರಷ್ ಹಿಡಿಯಬೇಕು, ಅಷ್ಟೆ.

ಸಾಮಾನಿನ ವಿಚಾರದಲ್ಲಿ ಎರಡು ಮಾತು. ಕಿಟಕಿ ಬಾಗಿಲಿಗೆ, ಬಂದರಿನ ದೋಣಿಗಳಿಗೆ ಹಚ್ಚುವ ಡಬ್ಬಿಯ ಆಯಿಲ್ ಪೇಂಟ್ ತರಬೇಡಿ, ಅದು ಎನಾಮೆಲ್. ಚಿತ್ರಕಾರರ ಟ್ಯೂಬೇ ಬೇಕು, ಕಲಿಯಲು ವಿದ್ಯಾರ್ಥಿ ದರ್ಜೆಯದು ಸಾಕು. ನಾಲ್ಕು ಟ್ಯೂಬು, ಒಂದು ಅಂಬರ್, ಮೂರು ಚಪ್ಪಟೆ ಬ್ರಷ್ಷು, ಒಂದು ನೈಫು, ಜೆಸ್ಸೊ ಬಳಿದ ಕೆಲವು ಸಣ್ಣ ಬೋರ್ಡುಗಳು, ಇವೆಲ್ಲ ಸೇರಿದರೂ ದೊಡ್ಡ ಕಂಪನಿಯ ಒಂದು ಸ್ಟೈಲಸ್ಸಿನ ಬೆಲೆ ಮುಟ್ಟುವುದಿಲ್ಲ. ಬರಿ ಬಟ್ಟೆಯ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚಬಾರದು, ಎಣ್ಣೆ ನೂಲನ್ನು ತಿಂದುಹಾಕುತ್ತದೆ. ಕೆಳಗಿನ ಪದರ ತೆಳು ಇರಲಿ, ಮೇಲಿನದರಲ್ಲಿ ಎಣ್ಣೆ ಹೆಚ್ಚಿರಲಿ. ಹಾಗಲ್ಲದಿದ್ದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಒಣಗುವುದು ಇನ್ನೂ ನಿಧಾನ. ಚಿತ್ರವನ್ನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದಲ್ಲದೆ ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಗಟ್ಟುತ್ತದೆ. ಗಾಳಿ ಬೆಳಕಿರುವ ಗೋಡೆಯೇ ಅದಕ್ಕೆ ಜಾಗ.

ಮಕ್ಕಳಿರುವ ಮನೆಯವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹಿಡಿಯಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಟರ್ಪೆಂಟೈನ್ ಬಳಸುವುದಾದರೆ ಕಿಟಕಿ ತೆರೆದಿರಲಿ. ಬ್ರಷ್ಷನ್ನು ಒರೆಸಿ, ಎಣ್ಣೆಯಲ್ಲಿ ಅದ್ದಿ, ಸೋಪು ಹಾಕಿ ತೊಳೆದರೆ ಅದೂ ಬೇಕಿಲ್ಲ. ಉಳಿದ ದ್ರಾವಣವನ್ನು ಬಾವಿಕಟ್ಟೆಯ ಬಳಿಯೋ ಹೊಳೆಗೋ ಚೆಲ್ಲಬಾರದು.

ಇನ್ನು ಕಲಿತದ್ದನ್ನು ಟ್ಯಾಬಿಗೆ ತರುವ ಕೆಲಸ. ಇದನ್ನು ಬಿಟ್ಟರೆ ಎಣ್ಣೆಬಣ್ಣದ ಕ್ಲಾಸು ಬೇರೆ, ಡಿಜಿಟಲ್ ಕೆಲಸ ಬೇರೆ ಎಂದು ಎರಡು ದೋಣಿಯಾಗುತ್ತದೆ. ಬೋರ್ಡಿನ ಮೇಲೆ ಮಾಡಿದ ಭರಣಿಯನ್ನೇ ಅದೇ ವಾರ ಟ್ಯಾಬಿನಲ್ಲಿ ಮಾಡಿ. ಒಂದೇ ಲೇಯರ್, ಒಂದೇ ಬ್ರಷ್, ಅಪಾರದರ್ಶಕತೆ ಪೂರ್ತಿ. ಮೂಲೆಯಲ್ಲಿ ನಾಲ್ಕು ಬಣ್ಣ ಇಟ್ಟುಕೊಂಡು ಅದರಿಂದಲೇ ಬೆರೆಸಿ, ಚಕ್ರದ ಕಡೆ ಹೋಗಬೇಡಿ, ಫೋಟೋದಿಂದ ಬಣ್ಣ ಹೀರಬೇಡಿ. ಇಡೀ ಚಿತ್ರ ಅಂಗೈಯಷ್ಟು ಕಾಣುವ ಹಾಗೆ ಇಟ್ಟುಕೊಂಡು ಮುಕ್ಕಾಲು ಕೆಲಸ ಮುಗಿಸಿ, ಆಮೇಲೆ ಹತ್ತಿರ ಹೋಗಿ. ನಡುನಡುವೆ ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲಿ ನೋಡಿ, ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಲಿಯೊನಾರ್ಡೊ ಡ ವಿಂಚಿ ಇದೇ ಕೆಲಸಕ್ಕೆ ಕನ್ನಡಿ ಬಳಸಿ ಎಂದಿದ್ದ. ಟ್ಯಾಬಿನಲ್ಲಿ ಕನ್ನಡಿ ಒಳಗೇ ಇದೆ, ಇಲ್ಲಿ ಯಂತ್ರ ನಮಗಿಂತ ಒಂದು ಹೆಜ್ಜೆ ಮುಂದೆ. ಅಭ್ಯಾಸ ಕೈಗೆ ಹತ್ತಿದ ಮೇಲೆ ಲೇಯರುಗಳನ್ನು ಧಾರಾಳವಾಗಿ ಬಳಸಿ, ಆಗ ಅವು ನಿಮ್ಮ ಮಾತು ಕೇಳುತ್ತವೆ.

ಕುಮಟೆಯ ತಾಯಿಗೆ ನನ್ನ ಉತ್ತರ ಇದು: ಮಗಳು ಹಿಂದೆ ಹೋಗುತ್ತಿಲ್ಲ, ಕಳಿಸಿ. ಎಣ್ಣೆಬಣ್ಣದ ಚಿತ್ರಕಾರಳೇ ಆಗಬೇಕೆಂಬ ಒತ್ತಡ ಹಾಕಬೇಡಿ. ಒಂದು ಮಳೆಗಾಲ ಮುಗಿದು ಇನ್ನೊಂದು ಬರುವ ತನಕ ವಾರಕ್ಕೊಂದು ಸಣ್ಣ ಬೋರ್ಡು ಮಾಡಿದರೆ ಸಾಕು, ಟ್ಯಾಬಿನ ಕೆಲಸದಲ್ಲಿ ವ್ಯತ್ಯಾಸ ನಿಮಗೇ ಕಾಣುತ್ತದೆ. ಗೋಡೆಗೆ ತೂಗುಹಾಕಲು ಚಿತ್ರ ಬರಲಿಲ್ಲವೆಂದು ಬೇಸರಿಸಬೇಡಿ, ಈ ಬೋರ್ಡುಗಳು ಪಾಠದ ಪಟ್ಟಿಯಿದ್ದ ಹಾಗೆ. ಭಟ್ಕಳದ ಹುಡುಗನಿಗೆ ಇನ್ನೂ ಚಿಕ್ಕದಾಗಿ ಹೇಳುತ್ತೇನೆ. ಹೊಸ ಬ್ರಷ್ ಪ್ಯಾಕಿಗೆ ಇಟ್ಟ ದುಡ್ಡಿನಲ್ಲಿ ನಾಲ್ಕು ಟ್ಯೂಬು ತಗೊಳ್ಳಪ್ಪ, ಮಳೆ ಬಿಟ್ಟ ಮೇಲೆ ಮಿರ್ಜಾನಕ್ಕೆ ಹೋಗು, ಒಂದು ಗೋಡೆ ಮಾಡಿಕೊಂಡು ಬಾ. ನಿಮ್ಮಲ್ಲೂ ಯಾರಾದರೂ ಹಾಗೆ ಮಾಡಿದರೆ, ಬೋರ್ಡಿನ ಚಿತ್ರ ಮತ್ತು ಟ್ಯಾಬಿನ ಚಿತ್ರ ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ಇದೇ ಅಂಕಣದಲ್ಲಿ ಮಾತಾಡೋಣ.